ಬೋ ಬೆಂಕಿಕಡ್ಡಿ ಕಾರ್ಖಾನೆ: ಸುರಕ್ಷಿತ ಕಡ್ಡಿಯ ಹಕ್ಕು ಕೈಯಲ್ಲಿದ್ದೂ ಬಿಳಿ ರಂಜಕ ಏಕೆ?

ಪೂರ್ವ ಲಂಡನ್ನಿನ ಬೋ ಪ್ರದೇಶದ ಬ್ರಯಂಟ್ ಅಂಡ್ ಮೇ ಕಾರ್ಖಾನೆ ಎಂದರೆ ನಾವು ಪರೀಕ್ಷೆಯಲ್ಲಿ "1888ರ ಮುಷ್ಕರ" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಅದಕ್ಕೆ ಮೊದಲು ಕಡ್ಡಿಯ ಮದ್ದನ್ನು ಅರ್ಥಮಾಡಿಕೊಂಡರೆ ಉಳಿದದ್ದು ಸುಲಭ.

ಒಂದು ಬೆಂಕಿಪೊಟ್ಟಣವನ್ನು ಕೈಗೆ ತೆಗೆದುಕೊಳ್ಳಿ. ಕಡ್ಡಿಯ ತಲೆಯಲ್ಲಿ ರಂಜಕ, ಅಂದರೆ ಫಾಸ್ಫರಸ್, ಇಲ್ಲ. ಅಲ್ಲಿನ ಮುಖ್ಯ ಮದ್ದು ಪೊಟ್ಯಾಸಿಯಂ ಕ್ಲೋರೇಟ್. ಕೆಂಪು ರಂಜಕವಿರುವುದು ಪೊಟ್ಟಣದ ಬದಿಯ ಗೀರುಪಟ್ಟಿಯಲ್ಲಿ, ಗಾಜಿನ ಪುಡಿಯ ಜೊತೆ. ಸುರಕ್ಷಿತ ಕಡ್ಡಿ ಎಂದರೆ ಇದೇ; ಎರಡನ್ನೂ ಬೇರೆಬೇರೆ ಇಟ್ಟದ್ದೇ ಇದರ ಜಾಣತನ. ಸ್ವೀಡನ್ನಿನಲ್ಲಿ ಬೆಳೆದ ಈ ವಿಧಾನದ ಬ್ರಿಟಿಷ್ ಪೇಟೆಂಟ್ ಹಕ್ಕನ್ನು ಬ್ರಯಂಟ್ ಅಂಡ್ ಮೇ 1855ರಲ್ಲೇ ಕೊಂಡುಕೊಂಡಿತ್ತು. ಬೋ ಕಾರ್ಖಾನೆ ಶುರುವಾದದ್ದು 1861ರಲ್ಲಿ. ಎರಡು ವರ್ಷಗಳನ್ನೂ ಒಟ್ಟಿಗೆ ನೆನಪಿಡಿ.

ಆದರೆ ಗಿರಾಕಿಗೆ ಬೇಕಾಗಿದ್ದುದು ಗೋಡೆಗೋ ಬೂಟಿನ ಅಟ್ಟೆಗೋ ಗೀರಿದರೂ ಹೊತ್ತಿಕೊಳ್ಳುವ ಅಗ್ಗದ ಕಡ್ಡಿ. ಅದಕ್ಕೆ ಬಿಳಿ ರಂಜಕ ಬೇಕಿತ್ತು. ಅದರ ಹೊಗೆ ಹುಳುಕು ಹಲ್ಲಿನ ಮೂಲಕ ದವಡೆಗೆ ಇಳಿದು ಮೂಳೆಯನ್ನೇ ಕೊಳೆಸುತ್ತಿತ್ತು. ಕೆಲಸದ ಕೋಣೆಯಲ್ಲೇ ಊಟ, ಹೊಗೆಯೂ ತುತ್ತಿನ ಜೊತೆಗೇ.

1888ರ ಜೂನ್‌ನಲ್ಲಿ ಆನಿ ಬೆಸೆಂಟ್ (ಮುಂದೆ 1917ರಲ್ಲಿ ಭಾರತದ ಕಾಂಗ್ರೆಸ್ ಅಧ್ಯಕ್ಷೆಯಾದವರೇ) ಪ್ರಕಟಿಸಿದ ಲೇಖನದಲ್ಲಿ ಲೆಕ್ಕವೆಲ್ಲ ಇದೆ: 16 ವರ್ಷದ ಹುಡುಗಿಗೆ ವಾರಕ್ಕೆ 4 ಶಿಲಿಂಗ್, ಕಾಲು ಕೊಳಕಾಗಿದ್ದರೆ 3 ಪೆನ್ನಿ ದಂಡ, ಕೆಲಸದ ನಡುವೆ ಹೊತ್ತಿಹೋದ ಕಡ್ಡಿಯನ್ನು ಮೇಜಿನ ಮೇಲಿಟ್ಟರೆ 1 ಶಿಲಿಂಗ್, ಅಂದರೆ ವಾರದ ಕೂಲಿಯ ಕಾಲು ಭಾಗ!

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮುಷ್ಕರ ಹೂಡಿಸಿದ್ದು ಬೆಸೆಂಟ್ ಅಲ್ಲ. ಅವರು ಕೇಳಿದ್ದು ಈ ಕಂಪನಿಯ ಕಡ್ಡಿಯನ್ನು ಕೊಳ್ಳಬೇಡಿ ಎಂದು. ಜುಲೈ ಮೊದಲ ವಾರದಲ್ಲಿ ಕೆಲಸಗಾರ್ತಿಯೊಬ್ಬಳನ್ನು ತೆಗೆದುಹಾಕಿದಾಗ ಸುಮಾರು 1,400 ಹೆಂಗಸರು, ಹುಡುಗಿಯರು ತಾವಾಗಿಯೇ ಹೊರನಡೆದರು. ಸಾರಾ ಚಾಪ್‌ಮನ್ ಅವರಂತಹ ಕೆಲಸಗಾರ್ತಿಯರೇ ಮುಷ್ಕರ ಸಮಿತಿಯಲ್ಲಿದ್ದರು. ಎರಡು ವಾರದೊಳಗೆ ದಂಡಗಳು ರದ್ದಾದವು, ಆ ತಿಂಗಳ ಕೊನೆಗೆ ಕಾರ್ಮಿಕ ಸಂಘವೂ ಹುಟ್ಟಿತು.

ಆದರೂ ಬಿಳಿ ರಂಜಕ ಹೋಗಲಿಲ್ಲ. 1891ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ಹತ್ತಿರದಲ್ಲೇ ಕೆಂಪು ರಂಜಕದ ಕಾರ್ಖಾನೆ ತೆರೆದು ಹೆಚ್ಚು ಕೂಲಿ ಕೊಟ್ಟಿತು. ಅದರ ಕಡ್ಡಿ ದುಬಾರಿ, ಹೆಚ್ಚು ದಿನ ನಡೆಯಲಿಲ್ಲ. 1898ರಲ್ಲಿ ದವಡೆ ರೋಗದ 17 ಪ್ರಕರಣಗಳನ್ನು ಮುಚ್ಚಿಟ್ಟದ್ದಕ್ಕೆ ಬ್ರಯಂಟ್ ಅಂಡ್ ಮೇ ಕಂಪನಿಗೇ ದಂಡ ಬಿತ್ತು. ಕೊಳಕು ಕಾಲಿಗೆ ದಂಡ ಹಾಕುತ್ತಿದ್ದವರಿಗೆ!

ಅದೇ ವರ್ಷ ಫ್ರಾನ್ಸಿನಲ್ಲಿ ರಂಜಕ ಮತ್ತು ಗಂಧಕದ ಸಂಯುಕ್ತವೊಂದು ಕಡ್ಡಿಗೆ ಒದಗಿತು. ಎಲ್ಲಿ ಗೀರಿದರೂ ಹೊತ್ತಿಕೊಳ್ಳುತ್ತದೆ, ದವಡೆ ಕೊಳೆಸುವುದಿಲ್ಲ. ಗಿರಾಕಿ ಕೈತಪ್ಪುವ ಭಯ ಹೋದ ಮೇಲೆ, 1901ರಲ್ಲಿ, ಕಂಪನಿ ಬಿಳಿ ರಂಜಕವನ್ನು ಕೈಬಿಟ್ಟಿತು. ಬ್ರಿಟನ್ನಿನ ನಿಷೇಧ ಕಾಯ್ದೆ ಬಂದದ್ದು 1908ರಲ್ಲಿ, ಜಾರಿಯಾದದ್ದು 1910ರ ಕೊನೆಗೆ. ಕಾಯ್ದೆಯಿಂದಲೇ ಬಿಳಿ ರಂಜಕ ನಿಂತಿತೆಂದು ಬರೆಯುವ ಮೊದಲು ಈ ಇಸವಿಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.