ವಿಐಎನ್: ಆಮದು ಎಸ್‌ಯುವಿಯ 17 ಅಕ್ಷರಗಳನ್ನು ಓದುವ ಬಗೆ

ನಮ್ಮ ಆರ್‌ಸಿಯಲ್ಲಿ ‘ಚಾಸಿ ನಂಬರ್’ ಎಂದು ನಮೂದಾಗುವುದೇ ವಿಐಎನ್, ಅಂದರೆ ವಾಹನದ ಗುರುತಿನ ಸಂಖ್ಯೆ. ಐಎಸ್‌ಒ 3779 ಮಾನದಂಡ ಇದರ ರಚನೆಯನ್ನು ಹೇಳುತ್ತದೆ. ಅಮೆರಿಕ 1981ರ ಮಾಡೆಲ್‌ಗಳಿಂದ 17 ಅಕ್ಷರಗಳನ್ನೇ ಕಡ್ಡಾಯ ಮಾಡಿತು. 1 ಮತ್ತು 0 ಜೊತೆ ಗೊಂದಲ ಆಗಬಾರದೆಂದು ಐ, ಓ, ಕ್ಯೂ ಅಕ್ಷರಗಳನ್ನು ಇಡೀ ಸಂಖ್ಯೆಯಲ್ಲಿ ಎಲ್ಲೂ ಬಳಸುವುದಿಲ್ಲ. ಯಾವುದಾದರೂ ಕಾಗದದಲ್ಲಿ ಇವು ಕಂಡರೆ ಬರೆದವರು ತಪ್ಪಿದ್ದಾರೆ ಎಂದೇ ಅರ್ಥ.

ಆಮದು ಗಾಡಿಯ ವಿಐಎನ್ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ದೇಶದ ಮಾರುಕಟ್ಟೆಗೆಂದು ತಯಾರಾದದ್ದು? ಅದು ಗೊತ್ತಿಲ್ಲದೆ ಓದಿದರೆ ಅರ್ಧ ಸಂಖ್ಯೆ ತಪ್ಪು ಅರ್ಥ ಕೊಡುತ್ತದೆ.

ಮೊದಲ ಮೂರು ಅಕ್ಷರ ತಯಾರಕರ ಸಂಕೇತ. ಜೆ ಎಂದರೆ ಜಪಾನ್, ಎಸ್‌ಎಎಲ್ ಎಂದರೆ ಲ್ಯಾಂಡ್ ರೋವರ್, ಡಬ್ಲ್ಯುಪಿ1 ಎಂದರೆ ಪೋರ್ಷೆಯ ಎಸ್‌ಯುವಿ. ಬಿಡದಿಯಲ್ಲಿ ತಯಾರಾಗುವ ಫಾರ್ಚುನರ್‌ನದು ಎಂಬಿಜೆ. ಜಪಾನಿನಿಂದ ಬರುವ ಲ್ಯಾಂಡ್ ಕ್ರೂಸರ್‌ನದು ಜೆಟಿ ಎಂದು ಶುರುವಾಗುತ್ತದೆ. ಆದರೆ ಇದನ್ನು ಕಾರ್ಖಾನೆಯ ವಿಳಾಸ ಎಂದುಕೊಳ್ಳಬಾರದು. ಬಿಎಂಡಬ್ಲ್ಯು ಎಕ್ಸ್5 ಅಮೆರಿಕದ ಸ್ಪಾರ್ಟನ್‌ಬರ್ಗ್‌ನಲ್ಲಿ ತಯಾರಾಗುತ್ತದೆ. ಅಲ್ಲೇ ಮಾರುವ ಗಾಡಿಗೆ 5ಯುಎಕ್ಸ್ ಎಂದಿರುತ್ತದೆ. ಯೂರೋಪಿಗೆ ಹೋಗುವುದಕ್ಕೆ ಜರ್ಮನಿಯ ಡಬ್ಲ್ಯುಬಿಎ.

4ರಿಂದ 8ರವರೆಗಿನವು ಬಾಡಿ, ಎಂಜಿನ್, ಮಾಡೆಲ್ ಇತ್ಯಾದಿ. ಇವುಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಹೆಚ್ಚು ಜನ ಎಡವುವುದು 9 ಮತ್ತು 10ನೇ ಜಾಗದಲ್ಲಿ.

9ನೆಯದು ಅಮೆರಿಕ ಮತ್ತು ಕೆನಡಾದಲ್ಲಿ ತಾಳೆ ಅಂಕೆ (ಚೆಕ್ ಡಿಜಿಟ್), ಅಂದರೆ ಉಳಿದ ಅಕ್ಷರಗಳು ಸರಿಯಿವೆಯೇ ಎಂದು ಲೆಕ್ಕ ಹಾಕಿ ನೋಡಲು ಇಟ್ಟದ್ದು. ಅಲ್ಲಿನ ಲ್ಯಾಂಡ್ ಕ್ರೂಸರ್ 200ರ ಮಾದರಿಯಲ್ಲಿ ಒಂದು ಸಂಖ್ಯೆ ತೆಗೆದುಕೊಳ್ಳೋಣ, ಕೊನೆಯ ಆರು ಅಂಕೆ ಸೊನ್ನೆ ಇಟ್ಟು: ಜೆ-ಟಿ-ಎಂ-ಎಚ್-ವೈ-7-ಎ-ಜೆ-?-ಬಿ-4-000000. ಅಕ್ಷರಗಳಿಗೆ ಬೆಲೆ ಹೀಗೆ: ಎಯಿಂದ ಎಚ್‌ವರೆಗೆ 1ರಿಂದ 8, ಜೆಯಿಂದ ಎನ್‌ವರೆಗೆ 1ರಿಂದ 5, ಪಿ 7, ಆರ್ 9, ಎಸ್‌ನಿಂದ ಝಡ್‌ವರೆಗೆ 2ರಿಂದ 9. ಈ ಬೆಲೆಗಳನ್ನು ಕ್ರಮವಾಗಿ 8, 7, 6, 5, 4, 3, 2, 10, 0, 9, 8, 7, 6, 5, 4, 3, 2ರಿಂದ ಗುಣಿಸಬೇಕು. ನಮ್ಮ ಸಂಖ್ಯೆಗೆ 8+21+24+40+32+21+2+10+0+18+32, ಒಟ್ಟು 208. 11ರಿಂದ ಭಾಗಿಸಿದರೆ ಶೇಷ 10. ಶೇಷ 10 ಬಂದರೆ ಎಕ್ಸ್ ಬರೆಯುವುದು ನಿಯಮ, ಆದ್ದರಿಂದ ಪ್ರಶ್ನೆಚಿಹ್ನೆಯ ಜಾಗಕ್ಕೆ ಎಕ್ಸ್. ಈ ಲೆಕ್ಕ ಟೈಪಿಂಗ್ ತಪ್ಪನ್ನು ಹಿಡಿಯುತ್ತದೆ, ಆದರೆ ಎಲ್ಲವನ್ನೂ ಅಲ್ಲ: ಎ ಮತ್ತು ಜೆ ಎರಡಕ್ಕೂ ಬೆಲೆ 1, ಆದ್ದರಿಂದ ಒಂದರ ಬದಲು ಇನ್ನೊಂದು ಬಿದ್ದರೆ ಗೊತ್ತಾಗದು. ಬೇರೆ ಗಾಡಿಯ ಸಂಖ್ಯೆಯನ್ನು ಹಾಗೇ ನಕಲು ಮಾಡಿ ಕೊರೆದಿದ್ದರೂ ಲೆಕ್ಕ ಸರಿಯಾಗಿಯೇ ಬರುತ್ತದೆ.

ಯೂರೋಪಿನಲ್ಲಿ ಈ ತಾಳೆ ಕಡ್ಡಾಯವಲ್ಲ. ಅಲ್ಲಿನ ಪೋರ್ಷೆ ಕಯೆನ್‌ನಲ್ಲಿ 4, 5, 6 ಮತ್ತು 9ನೇ ಜಾಗದಲ್ಲಿ ಝಡ್ ಇರುತ್ತದೆ; ಅದು ಖಾಲಿ ಜಾಗ ತುಂಬುವ ಅಕ್ಷರ ಅಷ್ಟೆ. ಅಮೆರಿಕದ ನಿಯಮದ ಮೇಲೆ ನಡೆಯುವ ಜಾಲತಾಣಗಳು ಇದನ್ನು ‘ಅಮಾನ್ಯ’ ಎನ್ನುತ್ತವೆ. ಅಷ್ಟಕ್ಕೇ ಗಾಡಿಯ ಮೇಲೆ ಅನುಮಾನ ಪಡಬೇಕಿಲ್ಲ.

10ನೆಯದು ಮಾಡೆಲ್ ವರ್ಷ. 30 ವರ್ಷಕ್ಕೊಮ್ಮೆ ಚಕ್ರ ತಿರುಗುತ್ತದೆ: ಎ 1980ಕ್ಕೂ 2010ಕ್ಕೂ ಸಲ್ಲುತ್ತದೆ, 2001ರಿಂದ 2009ಕ್ಕೆ 1ರಿಂದ 9. ಐ, ಓ, ಕ್ಯೂ ಜೊತೆಗೆ ಯು, ಝಡ್, ಸೊನ್ನೆಯೂ ಇಲ್ಲಿ ಬರುವುದಿಲ್ಲ. ಬಿ ಎಂದರೆ 1981ರದೋ 2011ರದೋ? ಅಮೆರಿಕದ ಕಾರು, ಎಸ್‌ಯುವಿಗಳಲ್ಲಿ 7ನೇ ಜಾಗ ನೋಡಿ: ಅಂಕೆಯಿದ್ದರೆ 2010ಕ್ಕೂ ಹಿಂದಿನದು, ಅಕ್ಷರವಿದ್ದರೆ 2010 ಅಥವಾ ನಂತರದ್ದು. ನಮ್ಮ ಉದಾಹರಣೆಯಲ್ಲಿ ಅಲ್ಲಿ ಎ ಇದೆ, ಹಾಗಾಗಿ 2011. ಯೂರೋಪಿನ ಅನೇಕ ಟೊಯೊಟಾಗಳಲ್ಲಿ ಇದೇ 10ನೇ ಜಾಗದಲ್ಲಿ ಸೊನ್ನೆ ಇರುತ್ತದೆ. ಅಂದರೆ ವರ್ಷದ ಸುಳಿವೇ ಇಲ್ಲ. ಇನ್ನೊಂದು ಮಾತು: ಮಾಡೆಲ್ ವರ್ಷ ತಯಾರಾದ ದಿನಾಂಕವಲ್ಲ. 2011ರ ಮಾಡೆಲ್ 2010ರಲ್ಲೇ ಕಾರ್ಖಾನೆಯಿಂದ ಹೊರಬಂದಿರಬಹುದು. ಭಾರತಕ್ಕೆ ಹಳೆಯ ಗಾಡಿ ತರುವಾಗ ತಯಾರಾಗಿ ಮೂರು ವರ್ಷ ಮೀರಿರಬಾರದೆಂಬ ನಿಯಮವಿರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ದಿನಾಂಕಕ್ಕೆ ಬಾಗಿಲ ಕಂಬದ ಮೇಲಿನ ಫಲಕ ಅಥವಾ ತಯಾರಕರ ದಾಖಲೆ ನೋಡಬೇಕು.

11ನೆಯದು ಕಾರ್ಖಾನೆ, ಉಳಿದ ಆರು ಕ್ರಮಸಂಖ್ಯೆ.

ಜಪಾನಿನ ಒಳ ಮಾರುಕಟ್ಟೆಯ ಗಾಡಿಗೆ ಇದ್ಯಾವುದೂ ಹೊಂದುವುದಿಲ್ಲ. ಅದಕ್ಕೆ 17 ಅಕ್ಷರವೇ ಇರುವುದಿಲ್ಲ. ಯುಝಡ್‌ಜೆ100 ಎಂಬಂಥ ಮಾದರಿ ಸಂಕೇತ, ಅಡ್ಡಗೆರೆ, ನಂತರ ಏಳು ಅಂಕೆ. ಯುಝಡ್ ಎಂಜಿನ್, ಜೆ ಲ್ಯಾಂಡ್ ಕ್ರೂಸರ್, 100 ಸರಣಿ. 17 ಖಾನೆಗಳನ್ನು ತುಂಬಿಸಲೆಂದು ಯಾರಾದರೂ ಮುಂದೆ ಸೊನ್ನೆ ಸೇರಿಸಿದ್ದರೆ ಕಾಗದಪತ್ರಗಳು ಒಂದಕ್ಕೊಂದು ಹೊಂದದೆ ಮುಂದೆ ತೊಡಕಾಗುತ್ತದೆ.

ಎಲ್ಲ ಓದಿಯಾದ ಮೇಲೆ ಲೋಹವನ್ನೂ ನೋಡಿ. ಲ್ಯಾಂಡ್ ಕ್ರೂಸರ್‌ನಲ್ಲಿ ಬಲ ಮುಂಚಕ್ರದ ಬಳಿ ಫ್ರೇಮಿನ ಮೇಲೆ ಸಂಖ್ಯೆ ಒತ್ತಿರುತ್ತದೆ. ಮಣ್ಣು ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಾಸಿ ಪ್ರಿಂಟ್ ತೆಗೆಯಿರಿ. ಅಕ್ಷರಗಳ ಆಳ, ಅಂತರ ಒಂದೇ ಸಮ ಇರಬೇಕು, ಸುತ್ತ ಉಜ್ಜಿದ ಅಥವಾ ಬೆಸುಗೆಯ ಗುರುತು ಇರಬಾರದು. ಆ ಪ್ರಿಂಟನ್ನು ಬಾಗಿಲ ಫಲಕ ಮತ್ತು ಕಾಗದಪತ್ರಗಳ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿ.