ಔಷಧ ಮಾಡುವುದು ಸ್ಪಂಜೋ, ಅದರೊಳಗಿನ ಬ್ಯಾಕ್ಟೀರಿಯಾವೋ?

ಮನೆಯಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್ ಬಂದು ಮೈಸೂರಿನ ಆಸ್ಪತ್ರೆಗಳಿಗೆ ಓಡಾಡಿದ್ದರೆ, ಸೈಟರಾಬಿನ್ ಅನ್ನುವ ಇಂಜೆಕ್ಷನ್ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಕಡಲೇ ಇಲ್ಲದ ನಮ್ಮೂರಿಗೆ ಅದು ಬಂದ ದಾರಿ ಶುರುವಾಗುವುದು ಫ್ಲೋರಿಡಾದ ಕಡಲಿನ ಒಂದು ಸ್ಪಂಜಿನಿಂದ. ಪಾತ್ರೆ ತೊಳೆಯುವ ಸ್ಪಂಜಲ್ಲ. ಪಿಯುಸಿ ಲ್ಯಾಬಿನಲ್ಲಿ ಬಾಟಲಿಯೊಳಗೆ ಸೈಕಾನ್ ಅಂತ ಇಟ್ಟಿರುತ್ತಾರಲ್ಲ, ಆ ಗುಂಪಿನ ಪ್ರಾಣಿ.

1950ರ ಆಸುಪಾಸಿನಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಅನ್ನುವ ರಸಾಯನ ವಿಜ್ಞಾನಿಗಳು ಆ ಸ್ಪಂಜಿನಲ್ಲಿ ವಿಚಿತ್ರವಾದ ನ್ಯೂಕ್ಲಿಯೋಸೈಡ್‌ಗಳನ್ನು ಕಂಡರು. ಡಿಎನ್‌ಎ ಕಟ್ಟುವ ತುಂಡುಗಳ ಹಾಗೇ ಇವೆ, ಆದರೆ ಸಕ್ಕರೆ ಮಾತ್ರ ಬೇರೆ. ಅದೇ ಮಾದರಿಯಲ್ಲಿ ಲ್ಯಾಬಿನಲ್ಲಿ ತಯಾರಾದ ಸೈಟರಾಬಿನ್‌ಗೆ 1969ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೊಗಳಿಕೆಯೆಲ್ಲ ಸ್ಪಂಜಿಗೇ ಹೋಯಿತು.

1970ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಜಾನ್ ವಾಸಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಕೆಲವು ಸ್ಪಂಜುಗಳ ಮೈಯೊಳಗೆ ಬ್ಯಾಕ್ಟೀರಿಯಾ ಕಿಕ್ಕಿರಿದಿತ್ತು. ಅಂಥ ಸ್ಪಂಜುಗಳ ಮೈತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸೂಕ್ಷ್ಮಜೀವಿಗಳೇ ಇರಬಹುದು. ಆಗ ಒಂದು ಪ್ರಶ್ನೆ ಬರಲೇಬೇಕು, ಅಲ್ವಾ? ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಮೈತುಂಬ ತೂತು. ದಿನವಿಡೀ ನೀರು ಎಳೆದುಕೊಂಡು ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಸೋಸಿ ತಿನ್ನುವುದೇ ಅದರ ಬದುಕು. ಹಾಗಾದರೆ ಒಳಗಿರುವವನ್ನು ಯಾಕೆ ತಿನ್ನುವುದಿಲ್ಲ?

1984ರಲ್ಲಿ ಕ್ಲೈವ್ ವಿಲ್ಕಿನ್‌ಸನ್, ವಾಸಲೆ ಮತ್ತು ಜೊತೆಗಾರರು ಗುರುತು ಹಾಕಿದ ಬ್ಯಾಕ್ಟೀರಿಯಾವನ್ನು ಸ್ಪಂಜಿಗೆ ಕೊಟ್ಟು ನೋಡಿದರು. ಕಡಲನೀರಿನವನ್ನು ಸ್ಪಂಜು ತಿಂದಿತು. ಸ್ಪಂಜಿನೊಳಗೆ ಬಾಳುವ ಜಾತಿಯವನ್ನು ಹಾಗೇ ಹೊರಗೆ ಬಿಟ್ಟಿತು. ಇದರ ಒಂದು ಸುಳಿವು ಸಿಕ್ಕಿದ್ದು 2014ರಲ್ಲಿ: ಒಳಗಿನ ಬ್ಯಾಕ್ಟೀರಿಯಾದ ಆಂಕಿರಿನ್ ಮಾದರಿಯ ಪ್ರೋಟೀನುಗಳನ್ನು ಬೇರೆ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಬ್ಯಾಕ್ಟೀರಿಯಾ ನುಂಗಿ ಬದುಕುವ ಅಮೀಬಾಕ್ಕೆ ಕೊಟ್ಟರೆ, ಅಮೀಬಾ ಅದನ್ನು ನುಂಗಿದರೂ ಜೀರ್ಣಿಸಿಕೊಳ್ಳಲು ಆಗಲಿಲ್ಲ. ನನಗಂತೂ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಪ್ರಯೋಗಗಳು ಇವು.

ಔಷಧದ ಕಡೆ ತೊಡಕು ಬೇರೆ. ಜಪಾನಿನಲ್ಲಿ 600 ಕಿಲೋ ಸ್ಪಂಜು ಅರೆದಾಗ ಸಿಕ್ಕ ಹ್ಯಾಲಿಕಾಂಡ್ರಿನ್ ಬಿ ಅನ್ನುವ ಕ್ಯಾನ್ಸರ್ ತಡೆಯುವ ರಾಸಾಯನಿಕ ಬರೀ 12.5 ಮಿಲಿಗ್ರಾಂ. ಅದನ್ನೇ ನಂಬಿಕೊಂಡರೆ ಕಡಲಿನಲ್ಲಿ ಸ್ಪಂಜೇ ಉಳಿಯುವುದಿಲ್ಲ. ಅದರ ಒಂದು ಭಾಗವನ್ನು ಹೋಲುವ ಎರಿಬುಲಿನ್ ಅನ್ನು ಲ್ಯಾಬಿನಲ್ಲೇ ಕಟ್ಟಿದರು. ಸ್ತನ ಕ್ಯಾನ್ಸರಿಗೆ 2010ರಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಾಗಿ ಅಸಲಿಗೆ ತಯಾರಿಸುವವರು ಯಾರು ಅಂತ ಹುಡುಕುವುದು ಸುಮ್ನೆ ಕುತೂಹಲದ ಮಾತಲ್ಲ; ಅದು ಸೂಕ್ಷ್ಮಜೀವಿಯಾದರೆ ಸ್ಪಂಜು ಅರೆಯದೆ ಅದನ್ನೇ ಬೆಳೆಸಬಹುದೇನೋ. ಅದೇ ಜಪಾನಿ ಸ್ಪಂಜಿನಲ್ಲಿ ಮೊದಲು ಸಿಕ್ಕ ಒಕಡೈಕ್ ಆಮ್ಲ ಅನ್ನುವ ವಿಷವನ್ನು ತಯಾರಿಸುವುದು ಒಂದು ಸೂಕ್ಷ್ಮ ಪಾಚಿ ಅಂತ 1980ರ ದಶಕದಲ್ಲೇ ಗೊತ್ತಾಗಿತ್ತು. 2014ರಲ್ಲಿ ವಿಜ್ಞಾನಿ ಯೋರ್ನ್ ಪೀಲ್ ತಂಡ ಥಿಯೊನೆಲ್ಲಾ ಅನ್ನುವ ಹಳದಿ ಸ್ಪಂಜಿನ ಲೆಕ್ಕ ಬಿಡಿಸಿತು: ಅದರ ಹೆಸರಿನಲ್ಲಿದ್ದ ರಾಸಾಯನಿಕಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಎಂಟೊಥಿಯೊನೆಲ್ಲಾ ಎಂಬ ದಾರದಂಥ ಬ್ಯಾಕ್ಟೀರಿಯಾದ ಕೆಲಸ. ಅದನ್ನು ಲ್ಯಾಬಿನಲ್ಲಿ ಬೆಳೆಸಲು ಆಗಿರಲಿಲ್ಲ, ಜೀನುಗಳನ್ನು ಓದಿ ಕಂಡುಹಿಡಿದರು.

ಕಡಲು ಬಿಸಿಯಾಗುತ್ತಿರುವುದರಿಂದ ಈ ಹುಡುಕಾಟಕ್ಕೆ ಆತುರವೂ ಇದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಒಂದು ಸ್ಪಂಜನ್ನು ಬಿಸಿನೀರಿನಲ್ಲಿಟ್ಟು ನೋಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. 31 ಡಿಗ್ರಿವರೆಗೆ ಒಳಗಿನ ಬ್ಯಾಕ್ಟೀರಿಯಾ ಹಾಗೇ ಇತ್ತು. 33ಕ್ಕೆ ಬಂದಾಗ ಹಳೆಯವು ಹೋಗಿ ಬೇರೆಯವು ಬಂದು ಸೇರಿಕೊಂಡವು, ಸ್ಪಂಜಿನ ಮೈ ಕೊಳೆಯತೊಡಗಿತು.