ಹಳೆಯ ರ‍್ಯಾಂಡಮ್ ನಂಬರ್ ಕೋಡ್‌ಗೆ ಕೈ ಹಾಕುವ ಮುನ್ನ

ವಿಜ್ಞಾನದ ಸಾಫ್ಟ್‌ವೇರ್‌ನಲ್ಲಿ ಹತ್ತಿಪ್ಪತ್ತು ವರ್ಷ ಯಾರೂ ಮುಟ್ಟದೆ ಉಳಿದುಬಿಡುವ ಭಾಗವೆಂದರೆ ರ‍್ಯಾಂಡಮ್ ನಂಬರ್ (ಮನಬಂದಂತೆ ಆರಿಸಿದಂತಿರುವ ಸಂಖ್ಯೆ) ಕೊಡುವ ನಾಲ್ಕಾರು ಸಾಲು. ಅದು ಕೆಟ್ಟಿದ್ದರೂ ಪ್ರೋಗ್ರಾಂ ನಿಲ್ಲುವುದಿಲ್ಲ, ಎರರ್ ಬರುವುದಿಲ್ಲ, ಗ್ರಾಫ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಉತ್ತರ ಮಾತ್ರ ತಪ್ಪಾಗಿರುತ್ತದೆ.

1960ರ ದಶಕದಲ್ಲಿ ಐಬಿಎಂ ಯಂತ್ರಗಳ ಜೊತೆ ಹರಡಿದ ರ‍್ಯಾಂಡು ಜನರೇಟರನ್ನೇ, ಅಂದರೆ ಇಂಥ ಸಂಖ್ಯೆ ತಯಾರಿಸುವ ಕೋಡನ್ನೇ, ನೋಡಿ. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, 2ರ 31ನೇ ಘಾತದಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. 1ರಿಂದ ಶುರು ಮಾಡಿದರೆ 65539, 393225, 1769499 ಬರುತ್ತವೆ. ಈಗ 65539ರ ಆರು ಪಟ್ಟಿನಿಂದ ಅದರ ಹಿಂದಿದ್ದ 1ರ ಒಂಬತ್ತು ಪಟ್ಟು ಕಳೆಯಿರಿ: 393225. 393225ರ ಆರು ಪಟ್ಟಿನಿಂದ 65539ರ ಒಂಬತ್ತು ಪಟ್ಟು ಕಳೆಯಿರಿ: 1769499. 65539 ಎಂದರೆ 2ರ 16ನೇ ಘಾತಕ್ಕೆ 3 ಕೂಡಿಸಿದ್ದು. ವರ್ಗ ಮಾಡಿದಾಗ ದೊಡ್ಡ ಪದ ಶೇಷದಲ್ಲಿ ಮಾಯವಾಗಿ ಈ ಆರು-ಒಂಬತ್ತರ ನಂಟು ಉಳಿದುಬಿಡುತ್ತದೆ. ಹೀಗಾಗಿ ಸಾಲಾಗಿ ಬರುವ ಮೂರು ಸಂಖ್ಯೆಗಳನ್ನು ಒಂದು ಬಿಂದುವೆಂದು ಘನದೊಳಗೆ ಗುರುತು ಮಾಡುತ್ತ ಹೋದರೆ ಎಲ್ಲವೂ ಬರೀ 15 ಸಮತಲಗಳ ಮೇಲೆ ಬೀಳುತ್ತವೆ. ಕಣಗಳನ್ನು ಮೂರು ಆಯಾಮಗಳಲ್ಲಿ ಹರಡುವ ಸಿಮ್ಯುಲೇಶನ್‌ಗೆ ಇದಕ್ಕಿಂತ ಕೆಟ್ಟದ್ದು ಬೇಕಿಲ್ಲ.

ಒಳ್ಳೆಯ ಹೆಸರಿದ್ದ ಜನರೇಟರ್‌ಗಳೂ ಕೈಕೊಟ್ಟಿವೆ. 1992ರಲ್ಲಿ ಸಂಶೋಧಕರಾದ ಫೆರೆನ್‌ಬರ್ಗ್, ಲ್ಯಾಂಡೌ ಮತ್ತು ವಾಂಗ್ ಅವರು ಎರಡು ಆಯಾಮದ ಈಸಿಂಗ್ ಮಾದರಿಯನ್ನು (ಕಾಂತತ್ವದ ಸರಳ ಗಣಿತ ಮಾದರಿ) ವುಲ್ಫ್ ಕ್ಲಸ್ಟರ್ ಎಂಬ ಸಿಮ್ಯುಲೇಶನ್ ವಿಧಾನದಲ್ಲಿ ಓಡಿಸಿದರು. ಆ ಮಾದರಿಗೆ ನಿಖರ ಉತ್ತರ ಗೊತ್ತಿರುವುದರಿಂದಲೇ ಗುಟ್ಟು ಬಯಲಾಯಿತು: ಆಗ ಉತ್ತಮವೆಂದು ನಂಬಿದ್ದ ಆರ್250 ಎಂಬ ಜನರೇಟರ್ ತಪ್ಪು ಶಕ್ತಿ ಕೊಟ್ಟಿತು, ಕಳಪೆ ಎನಿಸಿಕೊಂಡಿದ್ದ ಸರಳ ಗುಣಾಕಾರದ ಜನರೇಟರ್ ಹೆಚ್ಚು ಸರಿಯಾದ ಉತ್ತರ ಕೊಟ್ಟಿತು. ನಿಮ್ಮ ಪ್ರೋಗ್ರಾಂನಲ್ಲಿ ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕ ಇರಲೇಬೇಕು ಎನ್ನುವುದು ಇದಕ್ಕೇ.

ಇಂದು ಹೆಚ್ಚಿನವರ ಮುಂದಿರುವ ಕೆಲಸ ಪೈಥಾನ್‌ನ ನಂಪೈ ಎಂಬ ಲೆಕ್ಕದ ಲೈಬ್ರರಿಯದು. 2019ರ ಜುಲೈಯಲ್ಲಿ ಬಂದ 1.17ನೇ ಆವೃತ್ತಿಯಿಂದ ಅದರಲ್ಲಿ ಜನರೇಟರ್ ಎಂಬ ಹೊಸ ವ್ಯವಸ್ಥೆಯಿದೆ. ಅದರೊಳಗೆ ಸಂಖ್ಯೆ ತಯಾರಿಸುವ ವಿಧಾನ ಪಿಸಿಜಿ64. ಮರ್ಸೆನ್ ಟ್ವಿಸ್ಟರ್ ಎಂಬ ಹಿಂದಿನ ವಿಧಾನ ಬಳಸುವ ಹಳೆಯ ರ‍್ಯಾಂಡಮ್‌ಸ್ಟೇಟ್ ಕೂಡ ಉಳಿದಿದೆ, ಅದರ ಸಂಖ್ಯಾಸರಣಿಯನ್ನು ಮಾತ್ರ ಇನ್ನು ಬದಲಾಗದಂತೆ ಇದ್ದ ಹಾಗೇ ಉಳಿಸಿದ್ದಾರೆ. ಹುಡುಕಿ-ಬದಲಿಸಿ ಒತ್ತಿ ಒಂದೇ ಮಧ್ಯಾಹ್ನದಲ್ಲಿ ಹಳೆಯದನ್ನೆಲ್ಲ ಹೊಸದಕ್ಕೆ ತಿರುಗಿಸುವವರು ಎಡವುವುದು ಇಲ್ಲಿಯೇ. ಉತ್ತರ ಬದಲಾದರೆ ಅದು ಹೊಸ ಸಂಖ್ಯೆಗಳಿಂದಲೋ, ಕೈತಪ್ಪಿನಿಂದಲೋ ಹೇಳಲು ಆಗುವುದಿಲ್ಲ.

ಕೆಲಸವನ್ನು ಎರಡಾಗಿ ಒಡೆಯಬೇಕು. ಮೊದಲ ಹಂತದಲ್ಲಿ ಕೋಡ್‌ನ ರೂಪ ಬದಲಾಗಲಿ, ಸಂಖ್ಯೆಗಳು ಕೊನೆಯ ಬಿಟ್‌ವರೆಗೂ ಹಾಗೇ ಇರಲಿ. ಎರಡನೆಯದರಲ್ಲಿ ಸಂಖ್ಯೆಗಳು ಬದಲಾಗಲಿ, ರೂಪ ಹಾಗೇ ಇರಲಿ. ಎರಡನ್ನೂ ಒಂದೇ ಕಮಿಟ್‌ನಲ್ಲಿ (ಒಂದೇ ಸಲ ದಾಖಲಿಸುವ ಬದಲಾವಣೆಯಲ್ಲಿ) ಸೇರಿಸಬೇಡಿ.

ಮೊದಲ ಹಂತಕ್ಕೆ ಮುನ್ನ ಹಳೆಯ ಪ್ರೋಗ್ರಾಂ ಅನ್ನು, ಸರಣಿಯನ್ನು ಶುರು ಮಾಡುವ ಸಂಖ್ಯೆಯಾದ ಒಂದು ಸೀಡ್‌ನಿಂದ ಓಡಿಸಿ ಔಟ್‌ಪುಟ್ ಫೈಲ್ ತೆಗೆದಿಡಿ. ಆಮೇಲೆ ಎಲ್ಲರೂ ಹಂಚಿಕೊಳ್ಳುವ ಗ್ಲೋಬಲ್ ಸೀಡ್ ತೆಗೆದು, ಅದೇ ಸೀಡ್ ಕೊಟ್ಟು ಒಂದು ರ‍್ಯಾಂಡಮ್‌ಸ್ಟೇಟ್ ವಸ್ತು ಮಾಡಿಕೊಳ್ಳಿ. ಬೇಕಾದ ಪ್ರತಿ ಫಂಕ್ಷನ್‌ಗೂ ಅದನ್ನೇ ಆರ್ಗ್ಯುಮೆಂಟ್ ಆಗಿ ಕಳಿಸಿ. ಔಟ್‌ಪುಟ್ ಒಂದಿಷ್ಟೂ ಬದಲಾಗಬಾರದು. ಬದಲಾಯಿತೆಂದರೆ ಬೇರೆ ಯಾರೋ ಗ್ಲೋಬಲ್ ಸರಣಿಯಿಂದ ಸದ್ದಿಲ್ಲದೆ ಸಂಖ್ಯೆ ತೆಗೆದುಕೊಳ್ಳುತ್ತಿದ್ದರು ಎಂದರ್ಥ. ಪೈಥಾನ್ ಲೈಬ್ರರಿಗಳಾದ ಸೈಪೈ, ಸೈಕಿಟ್-ಲರ್ನ್‌ಗಳ ಎಷ್ಟೋ ಫಂಕ್ಷನ್‌ಗಳು ನಾವು ಏನೂ ಕೊಡದಿದ್ದರೆ ಆ ಗ್ಲೋಬಲ್ ಸರಣಿಗೇ ಕೈ ಹಾಕುತ್ತವೆ. ಇಂಥ ಅಡಗಿದ ಬಳಕೆಯನ್ನು ಹಿಡಿಯಲು ಬಿಟ್-ಬಿಟ್ ಹೋಲಿಕೆಗಿಂತ ಒಳ್ಳೆಯ ಉಪಾಯವಿಲ್ಲ, ಮತ್ತು ಅದು ಸಿಗುವುದು ಈ ಹಂತದಲ್ಲಿ ಮಾತ್ರ.

ಮಧ್ಯದಲ್ಲಿ ನಿಲ್ಲಿಸಿ ಮುಂದುವರಿಸುವ ಚೆಕ್‌ಪಾಯಿಂಟ್ ಇದ್ದರೆ ಅದನ್ನೂ ಈಗಲೇ ನೋಡಿಬಿಡಿ. ಹಳೆಯ ವ್ಯವಸ್ಥೆ ಗೌಸಿಯನ್ (ಗಂಟೆಯಾಕಾರದ ಹಂಚಿಕೆಯ) ಸಂಖ್ಯೆಗಳನ್ನು ಜೋಡಿಯಾಗಿ ತಯಾರಿಸಿ, ಒಂದನ್ನು ಕೊಟ್ಟು ಇನ್ನೊಂದನ್ನು ಬಗಲಲ್ಲಿ ಇಟ್ಟುಕೊಳ್ಳುತ್ತದೆ. ಒಳಗಿನ 624 ಸಂಖ್ಯೆಗಳ ಸ್ಥಿತಿಯನ್ನೂ ಸ್ಥಾನಸೂಚಿಯನ್ನೂ ಉಳಿಸಿ ಬಗಲಿನದನ್ನು ಮರೆತರೆ, ಮತ್ತೆ ಶುರುವಾದ ಓಟ ಒಂದು ಸಂಖ್ಯೆಯಷ್ಟು ಸರಿದುಹೋಗುತ್ತದೆ. ಅದೂ ನಿಲ್ಲಿಸಿದಾಗ ಬಗಲಲ್ಲಿ ಸಂಖ್ಯೆ ಉಳಿದಿದ್ದರೆ ಮಾತ್ರ. ಹೀಗಾಗಿ ದೋಷ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ.

ಎರಡನೇ ಹಂತದಲ್ಲಿ ರ‍್ಯಾಂಡಮ್‌ಸ್ಟೇಟ್ ಜಾಗಕ್ಕೆ ಹೊಸ ಜನರೇಟರ್ ಬರುತ್ತದೆ. ಹೆಸರುಗಳು ಬದಲಾಗುತ್ತವೆ: ರ‍್ಯಾಂಡ್ ಹೋಗಿ ರ‍್ಯಾಂಡಮ್, ರ‍್ಯಾಂಡ್‌ಇಂಟ್ ಹೋಗಿ ಇಂಟಿಜರ್ಸ್. ಹೆಚ್ಚು ಎಚ್ಚರ ಬೇಕಾದದ್ದು ತೀರ ಹಳೆಯ ಕೋಡ್‌ಗಳಲ್ಲಿರುವ ರ‍್ಯಾಂಡಮ್-ಇಂಟಿಜರ್ಸ್ ಎಂಬ ಫಂಕ್ಷನ್ ಬಗ್ಗೆ. ಅದು ಮೇಲಿನ ಮಿತಿಯನ್ನೂ ಸೇರಿಸಿಕೊಳ್ಳುತ್ತಿತ್ತು, ಹೊಸ ಇಂಟಿಜರ್ಸ್ ಹಾಗೆ ಹೇಳದಿದ್ದರೆ ಸೇರಿಸುವುದಿಲ್ಲ. 1 ಮತ್ತು 6 ಎಂದು ಹಾಗೇ ಉಳಿಸಿದರೆ ನಿಮ್ಮ ದಾಳದಲ್ಲಿ ಆರು ಬೀಳುವುದೇ ಇಲ್ಲ.

ಈಗ ಔಟ್‌ಪುಟ್ ಬೇರೆಯಾಗುವುದು ಸಹಜ. ಗೌಸಿಯನ್ ತಯಾರಿಸುವ ವಿಧಾನವೇ ಬದಲಾಗಿ ಜಿಗುರಾಟ್ ಎಂಬುದು ಬಂದಿದೆ. ಹೋಲಿಸಬೇಕಾದದ್ದು ಸರಾಸರಿಗಳನ್ನು. ಹಳೆಯದನ್ನು 30 ಸೀಡ್‌ಗಳಲ್ಲಿ, ಹೊಸದನ್ನು ಬೇರೆ 30 ಸೀಡ್‌ಗಳಲ್ಲಿ ಓಡಿಸಿ ಎರಡರ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಎರರ್ (ಆ ಸರಾಸರಿಯ ಅನಿಶ್ಚಿತತೆ) ತೆಗೆಯಿರಿ. ಸರಾಸರಿಗಳ ವ್ಯತ್ಯಾಸವನ್ನು, ಎರಡು ಎರರ್‌ಗಳ ವರ್ಗಗಳನ್ನು ಕೂಡಿಸಿ ತೆಗೆದ ವರ್ಗಮೂಲದಿಂದ ಭಾಗಿಸಿ. ಉತ್ತರ 2ರೊಳಗಿದ್ದರೆ ಮುಂದೆ ಹೋಗಿ. 4 ದಾಟಿದರೆ ನಿಲ್ಲಿಸಿ ಕಾರಣ ಹುಡುಕಿ, ಮತ್ತು ತಪ್ಪು ಹೊಸದರದ್ದೇ ಎಂದು ಮೊದಲೇ ತೀರ್ಮಾನಿಸಬೇಡಿ. ನಡುವೆ ಬಂದರೆ ಸೀಡ್‌ಗಳನ್ನು ನಾಲ್ಕು ಪಟ್ಟು ಹೆಚ್ಚಿಸಿ ಮತ್ತೆ ನೋಡಿ.

ಸೊನ್ನೆಯ ವಿಷಯ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು. ಜನರೇಟರ್ ಕೊಡುವ ದಶಮಾಂಶ ಸಂಖ್ಯೆ ಸೊನ್ನೆಯಾಗಬಹುದು, ಒಂದಾಗುವುದಿಲ್ಲ. ವೇಗಕ್ಕೆಂದು 32 ಬಿಟ್ ಫ್ಲೋಟ್‌ಗೆ ಇಳಿದರೆ ಇರುವುದು 24 ಬಿಟ್‌ಗಳು, ಅಂದರೆ 1,67,77,216 ಬೇರೆ ಬೇರೆ ಬೆಲೆಗಳು. ಹತ್ತು ಕೋಟಿ ಸಲ ತೆಗೆದರೆ ಸುಮಾರು ಆರು ಸಲ ನಿಜವಾದ ಸೊನ್ನೆಯೇ ಬರುತ್ತದೆ. ಕಣವೊಂದು ಎಷ್ಟು ದೂರ ಸಾಗುತ್ತದೆಂದು ತಿಳಿಯಲು ಈ ರೀತಿ ಬಂದ ಸಂಖ್ಯೆಯ ಲಾಗರಿದಂ ತೆಗೆಯುವ ಕೋಡ್‌ನಲ್ಲಿ ಆ ಆರರಲ್ಲಿ ಒಂದು ಸಾಕು, ಮೊತ್ತವೆಲ್ಲ ಅನಂತವಾಗುತ್ತದೆ. ಒಂದರಿಂದ ಆ ಸಂಖ್ಯೆಯನ್ನು ಕಳೆದು ಆಮೇಲೆ ಲಾಗರಿದಂ ತೆಗೆದರೆ ತೊಂದರೆ ಮುಗಿಯಿತು.

ಹಲವು ಕಂಪ್ಯೂಟರ್‌ಗಳ ಕ್ಲಸ್ಟರ್‌ನಲ್ಲಿ ಓಡುವ ಕೋಡ್‌ಗಳ ದೊಡ್ಡ ರೋಗ ಸೀಡ್ ಹಂಚುವುದರಲ್ಲಿದೆ. ಗಡಿಯಾರದ ಸೆಕೆಂಡನ್ನು ಸೀಡ್ ಮಾಡಿದರೆ ಒಂದೇ ಸೆಕೆಂಡಿನಲ್ಲಿ ಶುರುವಾದ ಜಾಬ್‌ಗಳೆಲ್ಲ ಒಂದೇ ಲೆಕ್ಕ ಮಾಡುತ್ತವೆ. ಮೂಲ ಸೀಡ್‌ಗೆ ಜಾಬ್‌ನ ಕ್ರಮಸಂಖ್ಯೆ ಕೂಡಿಸುವ ರೂಢಿಯೂ ಅಪಾಯಕಾರಿ: 100ರಿಂದ 16 ಜಾಬ್ ಓಡಿಸಿ, ಮುಂದಿನ ಪ್ರಯೋಗವನ್ನು 101ರಿಂದ ಶುರು ಮಾಡಿದರೆ 16ರಲ್ಲಿ 15 ಜಾಬ್‌ಗಳು ಹಿಂದಿನ ಸಂಖ್ಯೆಗಳನ್ನೇ ಬಳಸುತ್ತವೆ. 32 ಬಿಟ್ ಸೀಡ್‌ಗಳನ್ನು ಮನಬಂದಂತೆ ಆರಿಸಿದರೂ 10,000 ಜಾಬ್‌ಗಳಲ್ಲಿ ಎಲ್ಲೋ ಎರಡಕ್ಕೆ ಒಂದೇ ಸೀಡ್ ಬೀಳುವ ಸಂಭವ ಶೇ. 1ಕ್ಕಿಂತ ಹೆಚ್ಚು. ಲಿನಕ್ಸ್‌ನಲ್ಲಿ ಫೋರ್ಕ್ ಆದ, ಅಂದರೆ ನಕಲಾಗಿ ಹುಟ್ಟಿದ, ಪ್ರಕ್ರಿಯೆಗಳಿಗೆ ನಂಪೈಯ ಗ್ಲೋಬಲ್ ಸ್ಥಿತಿ ನಕಲಾಗಿ ಹೋಗುವುದರಿಂದ ಎಂಟು ವರ್ಕರ್‌ಗಳು ಸೇರಿ ಒಂದೇ ಕೆಲಸವನ್ನು ಎಂಟು ಸಲ ಮಾಡುವುದೂ ಉಂಟು. ಎರರ್ ಬಾರ್ ಮಾತ್ರ ಚಿಕ್ಕದಾಗಿ, ಭರವಸೆ ಹುಟ್ಟಿಸುವಂತೆ ಕಾಣುತ್ತದೆ. 128 ಬಿಟ್‌ನ ಒಂದು ಮೂಲ ಸೀಡ್‌ನಿಂದ ಸೀಡ್‌ಸೀಕ್ವೆನ್ಸ್ ಮಾಡಿ, ಅದರ ಸ್ಪಾನ್ ಎಂಬ ಫಂಕ್ಷನ್ ಮೂಲಕ ಪ್ರತಿ ವರ್ಕರ್‌ಗೂ ಬೇರೆ ಮರಿ ಸೀಡ್ ಕೊಡಿ. ವರ್ಕರ್‌ಗಳು ಬೇರೆ ಬೇರೆ ಯಂತ್ರಗಳಲ್ಲಿದ್ದರೆ ಕ್ರಮಸಂಖ್ಯೆ ಮತ್ತು ಮೂಲ ಸೀಡ್ ಎರಡನ್ನೂ ಪಟ್ಟಿಯಾಗಿ ಕೊಟ್ಟರೂ ಸಾಕು. ಕೂಡಿಸುವುದು ಮಾತ್ರ ಬೇಡ.

ಸೀಡ್, ಜನರೇಟರ್‌ನ ಹೆಸರು, ಲೈಬ್ರರಿಯ ಆವೃತ್ತಿ ಈ ಮೂರೂ ಲಾಗ್ ಫೈಲ್‌ನ ಮೊದಲ ಸಾಲಿನಲ್ಲಿ ಇರಲಿ. ಹೊಸ ಜನರೇಟರ್‌ನ ಸರಣಿ ಮುಂದಿನ ನಂಪೈ ಆವೃತ್ತಿಗಳಲ್ಲೂ ಹೀಗೇ ಇರುತ್ತದೆಂಬ ಖಾತರಿಯನ್ನು ನಂಪೈ ಕೊಟ್ಟಿಲ್ಲ, ಹಾಗಾಗಿ ಸೀಡ್ ಒಂದೇ ಇದ್ದರೆ ಸಾಲದು. ಪ್ರಕಟವಾದ ಪ್ರಬಂಧಗಳ ಅಂಕಿಗಳನ್ನು ಮತ್ತೆ ಪಡೆಯಬೇಕಾದವರಿಗೆ ಹಳೆಯ ದಾರಿಯನ್ನು ಆಯ್ಕೆಯಾಗಿ ಉಳಿಸಿ. 2019ರಲ್ಲಿ ಆರ್ ಭಾಷೆ 3.6.0ನೇ ಆವೃತ್ತಿಯಲ್ಲಿ ಸ್ಯಾಂಪಲ್ ಆರಿಸುವ ವಿಧಾನವನ್ನು ತಿದ್ದಿದಾಗ ಮಾಡಿದ್ದೂ ಇದನ್ನೇ: ಸರಿಯಾದ ವಿಧಾನ ಡಿಫಾಲ್ಟ್ ಆಯಿತು, ಹಳೆಯ ಸಂಖ್ಯೆ ಬೇಕೆಂದವರಿಗೆ ಒಂದು ಸಾಲಿನ ಸೆಟ್ಟಿಂಗ್ ಉಳಿಯಿತು.